ಮಾಸ್ತರರಿಗೆ ಮೊದಲ ಪಾಠ

ಕನ್ನಡದ ತಿರುಳು ಎಲ್ಲಿರುವದೆಂದು ಯಾರಾದರೂ ಕೇಳಿದರೆ ನಮ್ಮ ಜಿಲ್ಹೆಯವರು ಎದೆಯುಬ್ಬಿಸಿ ಉತ್ತರ ಹೇಳುವರು. ನೃಪತುಂಗನ ಆಳಿಕೆಯಲ್ಲಿ, 9ನೆಯ ಶತಮಾನದಲ್ಲಿ, ಹುಟ್ಟಿದ 'ಕವಿರಾಜಮಾರ್ಗ'ವು ಕಿಸುವೊಳಲು, ಕೋಪಣ, ಪುಲಿಗೆರೆ, ಒಕ್ಕುಂದ ಎಂಬ ನಾಲ್ಕು ಊರುಗಳ ನಡುವಣ ನಾಡನ್ನೇ ಕನ್ನಡದ ತಿರುಳೆಂದು ಕರೆದಿರುವದು. ಆ ಕೋಪಣವೇ ಇಂದಿನ ಕೊಪ್ಪಳವು. ಸಭೆ ಸಮ್ಮೇಲನಗಳಲ್ಲಿ ಈ ಮಾತು ಬಾರದೆ ಯಾವ ಭಾಷಣವೂ ಮುಗಿಯದು. ಆದರೆ ಅದೇ ಗ್ರಂಥದಲ್ಲಿ ಇನ್ನೊಂದು ಮಾತು ಇರುವದನ್ನು ನಮ್ಮ ಭಾಷಣಕಾರರು ಮರೆಯುವರು. ಒಂದೊಂದು ಸೀಮೆಯಲ್ಲಿ ಕನ್ನಡವು ಒಂದೊಂದು ಬಗೆಯಾಗಿರುವದರಿಂದ ಅವುಗಳ ದೋಷವನ್ನು ಇಷ್ಟೇ ಎಂದು ಎಣಿಸಹೋದರೆ ವಾಸುಕಿಯಂಥವನಿಗೂ ಬೇಸರ ಬಂದೀತೆಂಬ ತಾತ್ಪರ್ಯದ ಮಾತು ಅದು. ಸಾವಿರಕ್ಕೂ ಮಿಕ್ಕ ವರ್ಷಗಳ ಹಿಂದೆ ಪಂಡಿತರಿಗೆ ತಿಳಿದಿದ್ದ ಈ ಸಂಗತಿಯು ಇಂದು ನಮ್ಮ ಅನೇಕ ಶಾಲೆಗಳ ಬಾಗಿಲೊಳಗೆ ಪ್ರವೇಶಿಸದೆ ಹೊರಗೇ ನಿಂತಿರುವದು.

ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೊದಲ ದಿನವನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಲಿ. ಕುಷ್ಟಗಿ ಅಥವಾ ಯಲಬುರ್ಗಾ ತಾಲೂಕಿನ ಒಂದು ತಾಂಡಾದಿಂದ ಆರು ವರ್ಷದ ಬಾಲಕಿ ಶಾಲೆಗೆ ಬಂದಿರುವಳು. ತಾಯಿಯನ್ನು ಅವಳು 'ಯಾಡಿ' ಎನ್ನುವಳು, ನೀರಿಗೆ 'ಪಾಣಿ' ಎನ್ನುವಳು, ರೊಟ್ಟಿಗೆ 'ಬಾಟಿ' ಎನ್ನುವಳು. ಅವಳ ಪಕ್ಕದಲ್ಲಿ ಊರ ಕೇರಿಯ ಹುಡುಗನು. ಅವನ ಭಾಷೆ ಕನ್ನಡವೇ ಸರಿ, ಆದರೆ ಪುಸ್ತಕದಲ್ಲಿ 'ಇದೆ' ಎಂದಿರುವಲ್ಲಿ ಅವನು 'ಐತಿ' ಎನ್ನುವನು. ಅವನಾಚೆ ಗಂಗಾವತಿಯ ಕಡೆಯ ಕ್ಯಾಂಪಿನಲ್ಲಿ ಹುಟ್ಟಿ, ಮನೆಯಲ್ಲಿ ತೆಲುಗು ಆಡುವ ಹುಡುಗಿ. ಹಿಂದಿನ ಸಾಲಿನಲ್ಲಿ ಉರ್ದು ಮನೆಮಾತಿನ ಇಬ್ಬರು. ಮಾಸ್ತರರು ಹಾಜರಿ ಪುಸ್ತಕ ತೆರೆದು ಹೆಸರು ಕೂಗುವರು, ಜಾತಿ ಕೇಳುವರು, ತಂದೆಯ ಹೆಸರು ಕೇಳುವರು. ಒಬ್ಬ ಹುಡುಗನ ತಂದೆಯ ಹೆಸರಿನ ಅಂಕಣವು ಖಾಲಿಯಾಗಿರುವದು. ತರಗತಿಯು ನಗುವದು. ಮಾಸ್ತರರು ಆ ನಗೆಯನ್ನು ತಡೆಯುವರೋ, ತಾವೂ ಒಂದು ಮಾತು ಸೇರಿಸುವರೋ, ಅಥವಾ ಕೇಳಿಸಲಿಲ್ಲವೆಂಬಂತೆ ಮುಂದಿನ ಹೆಸರಿಗೆ ಹೋಗುವರೋ, ಆ ಒಂದು ಗಳಿಗೆಯಲ್ಲಿ ಆ ಮಗುವಿನ ವಿದ್ಯೆಯ ಬಹುಭಾಗವು ನಿರ್ಧಾರವಾಗಿಬಿಡುವದು. ಆ ಗಳಿಗೆಗಾಗಿ ನಾವು ಮಾಸ್ತರರನ್ನು ಸಿದ್ಧಪಡಿಸಿರುವೆವೇ? ಇದೇ ಇಂದಿನ ನಮ್ಮ ಪ್ರಶ್ನೆಯು.

ಕಾಯಿದೆಯ ಕೊರತೆಯಿಂದ ಈ ಪ್ರಶ್ನೆ ಹುಟ್ಟಿದ್ದಲ್ಲ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೆಯ ಅನುಚ್ಛೇದವು 1950ರಲ್ಲಿಯೇ ರದ್ದುಗೊಳಿಸಿರುವದು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ದುರ್ಬಲ ವರ್ಗದ ಮಕ್ಕಳಿಗೆ ಶಾಲೆಯಲ್ಲಿ ಭೇದವಾಗದಂತೆ ನೋಡಿಕೊಳ್ಳುವ ಹೊಣೆಯನ್ನು ಸರಕಾರದ ಮೇಲೆಯೂ ಸ್ಥಳೀಯ ಸಂಸ್ಥೆಗಳ ಮೇಲೆಯೂ ಹೊರಿಸಿರುವದು. ದೇಹದಂಡನೆಯ ಸಂಗಡ ಮಾನಸಿಕ ಕಿರುಕುಳವನ್ನೂ ನಿಷೇಧಿಸಿರುವದು. ಸಾಧ್ಯವಿದ್ದ ಮಟ್ಟಿಗೆ ಮಗುವಿನ ತಾಯ್ನುಡಿಯೇ ಬೋಧನಮಾಧ್ಯಮವಾಗಬೇಕೆಂದು ಹೇಳಿರುವದು. ಇಷ್ಟಾದರೂ 2021ರ ಸಪ್ಟೆಂಬರದಲ್ಲಿ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ಏನಾಯಿತೆಂಬದನ್ನು ದೇಶವೆಲ್ಲ ಓದಿತು. ಹುಟ್ಟುಹಬ್ಬದ ದಿನ ತಂದೆಯೊಡನೆ ಹನುಮಂತ ದೇವರಿಗೆ ಕೈಮುಗಿಯಹೋದ ದಲಿತ ಕುಟುಂಬದ ಎರಡು ವರ್ಷದ ಕೂಸು ಗುಡಿಯೊಳಗೆ ಓಡಿತೆಂದು, ಗುಡಿಯ ಶುದ್ಧಿಗಾಗಿ ಆ ತಂದೆಗೆ ಸಾವಿರಗಟ್ಟಲೆ ರೂಪಾಯಿ ದಂಡ ಹೇಳಲಾಯಿತು. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್ 28ರಂದು ದಲಿತರ ಗುಡಿಸಲುಗಳಿಗೆ ಬೆಂಕಿ ಬಿದ್ದಿತು. ಹತ್ತು ವರ್ಷಗಳ ತರುವಾಯ, 2024ರ ಅಕ್ಟೋಬರದಲ್ಲಿ, ಕೊಪ್ಪಳದ ಜಿಲ್ಹಾ ನ್ಯಾಯಾಲಯವು 101 ಜನರನ್ನು ಅಪರಾಧಿಗಳೆಂದು ತೀರ್ಮಾನಿಸಿ, ಅವರಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆ ಮೇಲೆ ಪ್ರಕರಣವು ಉಚ್ಚ ನ್ಯಾಯಾಲಯಕ್ಕೆ ಹೋಗಿ, ಹೆಚ್ಚಿನವರಿಗೆ ಜಾಮೀನು ದೊರೆಯಿತು. ನ್ಯಾಯಾಸ್ಥಾನದ ಕೆಲಸವನ್ನು ನ್ಯಾಯಾಸ್ಥಾನವೇ ಮಾಡಲಿ. ಅದರಲ್ಲಿ ನಾವು ಕೈಹಾಕುವದಿಲ್ಲ. ನಮ್ಮ ಕಳವಳ ಬೇರೆ. ಈ ಎರಡೂ ಊರುಗಳಲ್ಲಿ ಕ್ಷೌರದ ಅಂಗಡಿ, ಚಹದಂಗಡಿ, ಗುಡಿಗಳ ಮುಂದೆ ಗೆರೆ ಕೊರೆದು ನಿಂತವರು ನಿಜಾಮನ ಕಾಲದ ಮುದುಕರಲ್ಲ. ಸ್ವರಾಜ್ಯ ಬಂದ ಮೇಲೆ ಹುಟ್ಟಿ, ಸರಕಾರವು ಊರೂರಿಗೆ ಶಾಲೆ ತೆರೆದ ಮೇಲೆ ಬೆಳೆದ ತಲೆಮಾರು. ಶಾಲೆಯು ಅವರಿಗೆ ಮಗ್ಗಿ ಕಲಿಸಿತು, ಸಹಿ ಮಾಡುವದನ್ನು ಕಲಿಸಿತು; ಪಕ್ಕದಲ್ಲಿ ಕುಳಿತವನೂ ತನ್ನಂತೆಯೇ ಮನುಷ್ಯನೆಂಬದನ್ನು ಕಲಿಸಲಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಶಾಲೆಯ ಬಾಗಿಲನ್ನು ತೆರೆಯುವದೊಂದು, ಒಳಗೆ ಕುಳ್ಳಿರಿಸಿಕೊಳ್ಳುವದು ಇನ್ನೊಂದು ಎಂಬ ಪಾಠವು ನಮ್ಮ ಸೀಮೆಗೆ ಹೊಸದಲ್ಲ. ನೆರೆಯ ಧಾರವಾಡದಲ್ಲಿ 1856ರಲ್ಲಿ ಮಹಾರ ಜಾತಿಯ ಒಬ್ಬ ಬಾಲಕನು ಸರಕಾರಿ ಶಾಲೆಯಲ್ಲಿ ಸೇರಿಸಿಕೊಳ್ಳಬೇಕೆಂದು ಅರ್ಜಿ ಕೊಟ್ಟನು. ಒಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲ ಬಿಟ್ಟುಹೋಗುವರೆಂಬ ಅಂಜಿಕೆಯಿಂದ ಮುಂಬಯಿ ಸರಕಾರದವರು ಅವನನ್ನು ಹೊರಗಿಟ್ಟರು. ವಿಲಾಯತಿಯಲ್ಲಿದ್ದ ಕಂಪನಿಯ ನಿರ್ದೇಶಕರು ಇದನ್ನು ಒಪ್ಪದೆ, ಸರಕಾರದ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರತಕ್ಕವೆಂದು ಬರೆದರು. ಅಪ್ಪಣೆ ಬಂದಿತು, ಆದರೆ ಅಪ್ಪಣೆಯು ಜಗಲಿಯವರೆಗೆ ಬಂದು ನಿಂತಿತು. ಅದಾಗಿ ಸುಮಾರು ನಾಲ್ಕು ದಶಕಗಳ ಮೇಲೆ ಸಾತಾರೆಯ ಶಾಲೆಯಲ್ಲಿ ಕಲಿತ ಭೀಮರಾವ ಅಂಬೇಡಕರರು ಮನೆಯಿಂದ ಗೋಣಿತಟ್ಟು ಒಯ್ದು ಒಂದು ಮೂಲೆಯಲ್ಲಿ ಕೂಡ್ರಬೇಕಾಗುತ್ತಿತ್ತು, ಜವಾನನು ಬಂದು ನಲ್ಲಿ ತಿರುವಿದರೆ ಮಾತ್ರ ನೀರು, ಇಲ್ಲದಿದ್ದರೆ ಇಲ್ಲ. ಬಾಲಕನು ಶಾಲೆಯೊಳಗೇ ಇದ್ದನು, ಪಟದಲ್ಲಿ ಅವನ ಹೆಸರೂ ಇತ್ತು. ಹೆಸರು ಪಟದಲ್ಲಿರುವದು, ಮಗು ಮೂಲೆಯಲ್ಲಿರುವದು, ಇವೆರಡೂ ಏಕಕಾಲಕ್ಕೆ ಆಗಬಹುದೆಂಬದನ್ನು ನಾವು ಮರೆಯಬಾರದು.

ಇಂದು ಗೋಣಿತಟ್ಟು ಹೋಗಿರುವದು, ಮೂಲೆಯು ಉಳಿದಿರುವದು. ಅದು ಈಗ ಬೇರೆ ರೂಪಗಳಲ್ಲಿ ಕಾಣಿಸಿಕೊಳ್ಳುವದು. ವಿದ್ಯಾರ್ಥಿವೇತನದ ಕಾಗದಗಳನ್ನು ಹಂಚುವಾಗ ತರಗತಿಯ ನಡುವೆ ಜಾತಿಯ ಹೆಸರು ಹಿಡಿದು ಎದ್ದು ನಿಲ್ಲಿರೆನ್ನುವದು. ಕಸಬರಿಗೆಯನ್ನೂ ಶೌಚಾಲಯದ ಬಕೀಟನ್ನೂ ಯಾವಾಗಲೂ ಅವೇ ನಾಲ್ಕು ಮಕ್ಕಳ ಕೈಗೆ ಕೊಡುವದು. ಕುಡಿಯುವ ನೀರು ತರಲು ಬೇರೆ ಮಕ್ಕಳನ್ನು ಕಳಿಸುವದು. ಪ್ರಶ್ನೆಗಳನ್ನೆಲ್ಲ ಮುಂದಿನ ಸಾಲಿಗೆ ಕೇಳಿ ಹಿಂದಿನ ಸಾಲನ್ನು ಗೋಡೆಯೆಂದು ತಿಳಿಯುವದು. ಮೈಬಣ್ಣ ಕಪ್ಪೆಂದು ಹುಡುಗನ ಹೆಸರನ್ನೇ ಬಿಟ್ಟು 'ಕರಿಯಾ' ಎಂದು ಕರೆಯುವದು. ಇವುಗಳಲ್ಲಿ ಒಂದನ್ನೂ ಮಾಡುವವರು ತಾವು ಅನ್ಯಾಯ ಮಾಡುತ್ತಿರುವೆವೆಂದು ಭಾವಿಸುವದಿಲ್ಲ, ರೂಢಿಯೆಂದೇ ಮಾಡುವರು. ರೂಢಿಯು ಎಲ್ಲಿಯ ತನಕ ಹೋಗಬಲ್ಲದೆಂಬದಕ್ಕೆ ನಿದರ್ಶನ ಬೇಕಾದರೆ 2023ರ ಡಿಸೆಂಬರದಲ್ಲಿ ಬೆಳಕಿಗೆ ಬಂದ ಕೋಲಾರ ಜಿಲ್ಹೆಯ ಮಾಲೂರು ತಾಲೂಕಿನ ವಸತಿಶಾಲೆಯ ಸಂಗತಿಯನ್ನು ನೆನೆಯಬೇಕು; ಅಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಯನ್ನು ಸ್ವಚ್ಛ ಮಾಡಲು ಇಳಿಸಲಾಗಿತ್ತು. ಕಸಬರಿಗೆಯಿಂದ ಗುಂಡಿಯವರೆಗಿನ ದಾರಿಯು ನಾವೆಣಿಸುವಷ್ಟು ದೂರದ್ದಲ್ಲ.

ಈ ಲೇಖಕನು ಬಾಲ್ಯದಲ್ಲಿ ಕಂಡ ಒಂದು ಸಂಗತಿಯನ್ನು ಇಲ್ಲಿ ಹೇಳದಿದ್ದರೆ ಮೇಲಿನ ಮಾತುಗಳನ್ನೆಲ್ಲ ಪರರ ಮೇಲೆ ಹೊರಿಸಿದಂತಾದೀತು. ನಮ್ಮ ತರಗತಿಯಲ್ಲಿ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿದ್ದವನು ಕೇರಿಯ ಹುಡುಗನೊಬ್ಬನು. ಮಾಸ್ತರರು ಕೆಟ್ಟವರಲ್ಲ, ಹೊಡೆಯುತ್ತಿರಲಿಲ್ಲ, ಪಾಠವನ್ನು ಮನಸ್ಸಿಟ್ಟು ಹೇಳುತ್ತಿದ್ದರು. ಆದರೆ ಆ ಹುಡುಗನ ಪಾಟಿಯನ್ನು ಅವರು ಕೈಯಲ್ಲಿ ಹಿಡಿಯುತ್ತಿರಲಿಲ್ಲ. ನೆಲದ ಮೇಲಿಡೆಂದು ಹೇಳಿ, ಬಗ್ಗಿ ನೋಡಿ, ಸರಿಯೆನ್ನುತ್ತಿದ್ದರು. ಉಳಿದವರ ಪಾಟಿಯ ಮೇಲೆ ಅವರೇ ಬಳಪದಿಂದ ಗುರುತು ಹಾಕುತ್ತಿದ್ದರು. ಒಂದು ದಿನ ಆ ಹುಡುಗನು ಪಾಟಿಯನ್ನು ನೆಲದ ಮೇಲಿಡದೆ ಕೈಯಲ್ಲಿಯೇ ಹಿಡಿದು ಬಹಳ ಹೊತ್ತು ನಿಂತನು. ಮಾಸ್ತರರು ತೆಗೆದುಕೊಳ್ಳಲಿಲ್ಲ. ನಾವೆಲ್ಲ ನಕ್ಕೆವು, ಈ ಲೇಖಕನೂ ನಕ್ಕನು. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನು ಶಾಲೆ ಬಿಟ್ಟದ್ದಕ್ಕೆ ಬಡತನವೆಂಬ ಕಾರಣ ಬಿದ್ದಿರಬಹುದು. ಅದು ಸುಳ್ಳಲ್ಲ, ಪೂರ್ಣ ಸತ್ಯವೂ ಅಲ್ಲ. ಮಾಸ್ತರರಾಗುವ ಮುಂಚೆ ಅವರಿಗೆ ಲೆಕ್ಕ ಕಲಿಸುವ ವಿಧಾನವನ್ನು ಯಾರೋ ಹೇಳಿಕೊಟ್ಟಿದ್ದರು. ಪಾಟಿಯನ್ನು ಕೈಯಲ್ಲಿ ಹಿಡಿಯಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಭಾಷೆಯ ಸಂಗತಿಯೂ ಇದೇ ಮಾದರಿಯದು, ಮತ್ತು ಇದರಲ್ಲಿ ನಮ್ಮ ಜಿಲ್ಹೆಯವರು ಅಜ್ಞಾನದ ನೆವ ಹೇಳುವಂತಿಲ್ಲ. 1948ರ ಸಪ್ಟೆಂಬರ 17ರ ತನಕ ನಾವು ನಿಜಾಮನ ರಾಜ್ಯದಲ್ಲಿದ್ದೆವು. ಕೊಪ್ಪಳ ಯಲಬುರ್ಗಾಗಳು ಸಾಲಾರ ಜಂಗ ಮನೆತನದ ಜಹಗೀರಿಯಾಗಿದ್ದವು. ಕಚೇರಿಯ ಭಾಷೆ ಉರ್ದು, ಪ್ರೌಢಶಾಲೆಯ ಭಾಷೆ ಉರ್ದು, 1918ರಲ್ಲಿ ಹೈದರಾಬಾದಿನಲ್ಲಿ ತೆರೆದ ಉಸ್ಮಾನಿಯಾ ವಿಶ್ವವಿದ್ಯಾಲಯದ ಭಾಷೆಯೂ ಉರ್ದು. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಅರಿಯದ ನಮ್ಮ ತಂದೆ ಅಜ್ಜಂದಿರು ತಮ್ಮದಲ್ಲದ ನುಡಿಯಲ್ಲಿ ಭೂಗೋಲವನ್ನೂ ಚರಿತ್ರೆಯನ್ನೂ ಬಾಯಿಪಾಠ ಮಾಡಿದರು. ಉರ್ದು ಭಾಷೆಯಲ್ಲಿ ದೋಷವೇನೂ ಇರಲಿಲ್ಲ. ಅದು ಸುಂದರವಾದ ಭಾಷೆಯೇ ಅಹುದು. ದೋಷವಿದ್ದದ್ದು ಮಗುವಿನ ನಾಲಗೆಯನ್ನು ಹೊಸ್ತಿಲ ಹೊರಗೆ ಬಿಟ್ಟು ಬಾ ಎಂದ ಪದ್ಧತಿಯಲ್ಲಿ. ಇದಕ್ಕೆ ಪ್ರತಿಯಾಗಿ ಕುಕನೂರಿನ ವಿದ್ಯಾನಂದ ಗುರುಕುಲದಂಥ ಸಂಸ್ಥೆಗಳು ಕನ್ನಡದ ದೀಪವನ್ನು ಕಾಪಾಡಿದುದನ್ನು ನಾವು ಹೆಮ್ಮೆಯಿಂದ ಸ್ಮರಿಸುವೆವು. ಹಾಗಾದರೆ ತಾಂಡಾದ ಬಾಲಕಿಯು 'ಪಾಣಿ' ಎಂದಾಗ ಮಾಸ್ತರರು ಗದರಿಸಿದರೆ, ಅಂದು ನಮ್ಮ ಹಿರಿಯರಿಗಾದುದೇ ಇಂದು ಅವಳಿಗೆ ಆಗಲಿಲ್ಲವೇ? ಅಂದು ನೊಂದ ಕನ್ನಡಿಗನು ಇಂದು ನೋಯಿಸುವವನಾದರೆ ವಿಮೋಚನೆಯ ದಿನದ ಧ್ವಜಕ್ಕೆ ಅರ್ಥವೇನು ಉಳಿಯಿತು?

ಕನ್ನಡವನ್ನೇ ಆಡುವ ಕೇರಿಯ ಹುಡುಗನ ಪಾಡು ಇನ್ನೂ ವಿಚಿತ್ರವು. 'ಐತಿ' ಎಂದದ್ದಕ್ಕೆ ಅವನನ್ನು ತಿದ್ದುವ ಮಾಸ್ತರರು ತಮ್ಮ ಮನೆಗೆ ಹೋಗಿ 'ಊಟ ಆಗೈತೇನು' ಎಂದೇ ಕೇಳುವರು. ಶಿಷ್ಟ ಕನ್ನಡವನ್ನು ಕಲಿಸಬೇಡಿರೆಂದು ನಾವು ಹೇಳುತ್ತಿಲ್ಲ. ಅದನ್ನು ಕಲಿಸದಿದ್ದರೆ ಆ ಹುಡುಗನಿಗೆ ಪರೀಕ್ಷೆಯ, ಕಚೇರಿಯ, ಪತ್ರಿಕೆಯ ಬಾಗಿಲುಗಳು ಮುಚ್ಚಿಹೋಗುವವು. ಅದೂ ಒಂದು ಅನ್ಯಾಯವೇ ಸರಿ. ಆದರೆ 'ನಿನ್ನ ಮಾತು ತಪ್ಪು' ಎನ್ನುವದಕ್ಕೂ 'ಪುಸ್ತಕದಲ್ಲಿ ಹೀಗೆ ಬರೆಯುವರು' ಎನ್ನುವದಕ್ಕೂ ಆಕಾಶ ಭೂಮಿಗಳ ಅಂತರವಿರುವದು. ಮೊದಲನೆಯದು ಮಗುವಿನಿಂದ ಅದರ ತಾಯಿಯನ್ನು ಕಸಿಯುವದು. ಎರಡನೆಯದು ತಾಯಿಯ ಸಂಗಡ ಇನ್ನೊಬ್ಬ ಬಂಧುವನ್ನು ಕೊಡುವದು.

ಈ ವಿಚಾರವು ನಮ್ಮೊಬ್ಬರದೇ ಅಲ್ಲ. ಅಮೇರಿಕೆಯಲ್ಲಿ ಕರಿಯರ ಮಕ್ಕಳಿಗೂ ಬಿಳಿಯರ ಮಕ್ಕಳಿಗೂ ಬೇರೆ ಬೇರೆ ಶಾಲೆಗಳಿದ್ದವು. 1954ರಲ್ಲಿ ಅಲ್ಲಿಯ ಪರಮೋಚ್ಚ ನ್ಯಾಯಾಲಯವು ಅದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಶಾಲೆಗಳು ಒಂದಾಗತೊಡಗಿದವು, ಆದರೆ ಒಂದಾಗುವ ಗದ್ದಲದಲ್ಲಿ ಕರಿಯರ ಶಾಲೆಗಳನ್ನು ಮುಚ್ಚಿ ಸಾವಿರಾರು ಕರಿಯ ಶಿಕ್ಷಕರನ್ನು ಕೆಲಸದಿಂದ ಬಿಡಿಸಲಾಯಿತು. ಮಕ್ಕಳು ಹೊಸ ಕಟ್ಟಡಕ್ಕೆ ಬಂದರು. ಅವರ ಮನೆಯನ್ನರಿತ ಶಿಕ್ಷಕರು ಬರಲಿಲ್ಲ. ಈ ಕೊರತೆಯ ಅರಿವಿನಿಂದಲೇ 1995ರಲ್ಲಿ ಗ್ಲೋರಿಯಾ ಲ್ಯಾಡ್‌ಸನ್-ಬಿಲ್ಲಿಂಗ್ಸ್ ಎಂಬ ವಿದುಷಿಯು, ಮಗುವಿನ ಸಂಸ್ಕೃತಿಯನ್ನು ಆಧಾರವಾಗಿಟ್ಟುಕೊಂಡೇ ಉಚ್ಚ ವಿದ್ಯೆಯನ್ನು ಕಲಿಸುವ ಶಿಕ್ಷಕರ ಲಕ್ಷಣಗಳನ್ನು ವಿವರಿಸಿದರು. 2012ರಲ್ಲಿ ಜಾಂಗೋ ಪ್ಯಾರಿಸ್ ಎಂಬವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ಸಂಸ್ಕೃತಿಯನ್ನು ಏಣಿಯಂತೆ ಬಳಸಿ ಮೇಲೇರಿದ ಮೇಲೆ ಒದೆಯದೆ ಬಾಳಿಸಿಕೊಂಡು ಹೋಗುವದೂ ಶಾಲೆಯ ಕೆಲಸವೆಂದು ವಾದಿಸಿದರು. ನಮ್ಮ ದೇಶದಲ್ಲಿಯೂ ಒಡಿಶಾ ಸರಕಾರದವರು 2007ರ ಸುಮಾರಿಗೆ ಆದಿವಾಸಿ ಮಕ್ಕಳಿಗೆ ಮೊದಲ ವರ್ಷಗಳಲ್ಲಿ ಅವರವರ ಭಾಷೆಯಲ್ಲಿಯೇ ಪಾಠ ಹೇಳುವ ಏರ್ಪಾಟು ಮಾಡಿ, ಆ ಭಾಷೆ ಬಲ್ಲ ಶಿಕ್ಷಕರನ್ನು ನೇಮಿಸತೊಡಗಿದರು. ಇನ್ನು ನಮ್ಮ ನಾಡಿನ ಉದಾಹರಣೆಯೇ ಬೇಕೆಂದರೆ ಡೆಪ್ಯೂಟಿ ಚೆನ್ನಬಸಪ್ಪನವರಿರುವರು. ಮುಂಬಯಿ ಕರ್ನಾಟಕದ ಶಾಲೆಗಳಲ್ಲಿ ಕನ್ನಡಿಗರ ಮಕ್ಕಳು ಮರಾಠಿ ಕಲಿಯುತ್ತಿದ್ದ 19ನೆಯ ಶತಮಾನದಲ್ಲಿ ಅವರು ಬರಿಯ ಮನವಿಗಳನ್ನು ಬರೆಯುತ್ತ ಕೂಡ್ರಲಿಲ್ಲ. ಧಾರವಾಡದ ನಾರ್ಮಲ್ ಶಾಲೆಯ ಮೂಲಕ ಕನ್ನಡ ಶಿಕ್ಷಕರನ್ನೇ ತಯಾರು ಮಾಡಿದರು. ಶಿಕ್ಷಕನು ತಯಾರಾದರೆ ಶಾಲೆ ತಾನೇ ತಿರುಗುವದೆಂಬ ಮರ್ಮ ಅವರಿಗೆ ತಿಳಿದಿತ್ತು.

ಆದುದರಿಂದ ನಮ್ಮ ಜಿಲ್ಹೆಯಲ್ಲಿ ಆಗತಕ್ಕ ಕೆಲಸವು ಮುನಿರಾಬಾದಿನಲ್ಲಿರುವ ಜಿಲ್ಹಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಿಂದಲೇ ಆರಂಭವಾಗಬೇಕು. ಪ್ರಾಥಮಿಕ ಶಿಕ್ಷಕರಾಗುವವರು ಎರಡು ವರ್ಷಗಳ ಶಿಕ್ಷಣ ಹೊಂದುವರು. ಸಮತೆಯ ವಿಷಯವಾಗಿ ಅವರು ಪ್ರಶ್ನೆಪತ್ರಿಕೆಗೆ ಉತ್ತರವನ್ನೂ ಬರೆಯುವರು. ಉತ್ತರ ಬರೆಯುವದು ಸುಲಭ. ಪಾಟಿ ಹಿಡಿಯುವದು ಅಭ್ಯಾಸದಿಂದಲೇ ಬರಬೇಕು. ಮೊದಲನೆಯದಾಗಿ, ಅಭ್ಯಾಸಪಾಠದ ಅವಧಿಯಲ್ಲಿ ಪ್ರತಿಯೊಬ್ಬ ಶಿಕ್ಷಣಾರ್ಥಿಯೂ ಹದಿನೈದು ದಿನವಾದರೂ ಒಂದು ತಾಂಡಾದಲ್ಲಿ ಅಥವಾ ಕೇರಿಯಲ್ಲಿ ವಾಸವಾಗಿದ್ದು, ಅಲ್ಲಿ ಉಂಡು, ಅಲ್ಲಿಯ ಮಕ್ಕಳ ಮಾತಿನ ನೂರು ಶಬ್ದಗಳನ್ನಾದರೂ ಬರೆದುಕೊಂಡು ಬರಲಿ. ಅಲ್ಲಿ ಉಣ್ಣಲಾರದವನು ಆ ಮಕ್ಕಳಿಗೆ ಕಲಿಸಲಾರನು. ಅದು ಎರಡು ವರ್ಷಗಳ ಆರಂಭದಲ್ಲಿಯೇ ಗೊತ್ತಾಗುವದು ಲೇಸು. ಎರಡನೆಯದಾಗಿ, ಒಬ್ಬನು ಪಾಠ ಹೇಳುವಾಗ ಇನ್ನೊಬ್ಬನು ಹಿಂದೆ ಕುಳಿತು ಬರಿಯ ಲೆಕ್ಕವಿಡಲಿ: ಯಾರಿಗೆ ಪ್ರಶ್ನೆ ಕೇಳಿದನು, ಯಾರನ್ನು ಹೆಸರು ಹಿಡಿದು ಕರೆದನು, ಯಾರಿಗೆ ಕೆಲಸ ಹೇಳಿದನು, ಯಾರತ್ತ ಒಮ್ಮೆಯೂ ನೋಡಲಿಲ್ಲ. ಪಾಠ ಮುಗಿದ ಮೇಲೆ ಆ ಕಾಗದವನ್ನು ಅವನ ಕೈಗಿಡಲಿ. ಉಪದೇಶ ಬೇಡ, ಗೆರೆಗಳೇ ಮಾತಾಡುವವು. ತಾನು ಭೇದ ಮಾಡುವದಿಲ್ಲವೆಂದು ನಂಬಿದ ಸಜ್ಜನನ ಕಣ್ಣು ತೆರೆಯಿಸಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ಮೂರನೆಯದಾಗಿ, ದಾಖಲೆಯ ಶಿಷ್ಟಾಚಾರವನ್ನು ಕಲಿಸಬೇಕು. ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನ, ತಂದೆಯ ಹೆಸರು ಮುಂತಾದವುಗಳನ್ನು ತರಗತಿಯ ಎದುರಿಗೆ ಕೇಳತಕ್ಕದ್ದಲ್ಲ. ಪಾಲಕರನ್ನು ಕರೆದು ಮುಖ್ಯಾಧ್ಯಾಪಕರ ಕೋಣೆಯಲ್ಲಿ ಕೇಳತಕ್ಕದ್ದು. ದೇವದಾಸಿ ಬಿಡುವದನ್ನು 1982ರ ಕಾಯಿದೆಯು ನಿಷೇಧಿಸಿದ್ದರೂ ಆ ಪದ್ಧತಿಗೆ ಬಲಿಯಾದ ತಾಯಂದಿರ ಮಕ್ಕಳು, ಮೊಮ್ಮಕ್ಕಳು ನಮ್ಮ ಜಿಲ್ಹೆಯ ಶಾಲೆಗಳಲ್ಲಿರುವರು. ಖಾಲಿ ಅಂಕಣವು ಆ ಮಗುವಿನ ಅಪರಾಧವಲ್ಲ. ನಾಲ್ಕನೆಯದಾಗಿ, ಖಾಯಂ ಶಿಕ್ಷಕರಿಲ್ಲದೆಡೆ ಅತಿಥಿ ಶಿಕ್ಷಕರಿಂದಲೇ ನಮ್ಮ ಶಾಲೆಗಳು ನಡೆಯುತ್ತಿರುವದರಿಂದ, ಅವರನ್ನು ತರಗತಿಗೆ ಕಳಿಸುವ ಮುಂಚೆ ಒಂದು ವಾರವಾದರೂ ಈ ಶಿಕ್ಷಣ ಕೊಡಬೇಕು. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ಅನುಚ್ಛೇದದಿಂದ ವಿಶೇಷ ಸ್ಥಾನ ಬಂದು ದಶಕ ದಾಟಿತು; ಆ ಹಣದಿಂದ ಕಟ್ಟಿದ ಕೋಣೆಗಳನ್ನು ಎಣಿಸಿ ತೋರಿಸುವ ಅಧಿಕಾರಿಗಳು, ಕೋಣೆಯೊಳಗೆ ನಿಲ್ಲುವ ಮನುಷ್ಯನ ಸಿದ್ಧತೆಗೂ ಒಂದು ಪಾಲನ್ನು ತೆಗೆದಿಡಲಿ. 2011ರ ಜನಗಣತಿಯ ಮೇರೆಗೆ ಜಿಲ್ಹೆಯ ಜನರಲ್ಲಿ ನೂರಕ್ಕೆ ಸುಮಾರು ಮೂವತ್ತು ಜನರು ಪರಿಶಿಷ್ಟ ಜಾತಿ ಪಂಗಡಗಳವರು. ಅಕ್ಷರ ಬಲ್ಲವರು ನೂರಕ್ಕೆ ಸುಮಾರು 68 ಮಾತ್ರ. ಉಳಿದವರು ಯಾವ ಕೇರಿಗಳಲ್ಲಿ ಹೆಚ್ಚಾಗಿರುವರೆಂಬದನ್ನು ಹೇಳಲು ಪಂಡಿತರು ಬೇಕಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳುವದು ಅವಶ್ಯವು. ಮಗುವಿನ ಸಂಸ್ಕೃತಿಯನ್ನು ಗೌರವಿಸುವದೆಂದರೆ ಅದರ ಜಾತಿಯನ್ನು ಅದಕ್ಕೆ ಕಟ್ಟಿಹಾಕುವದಲ್ಲ. ಕೊಪ್ಪಳ ತಾಲೂಕಿನ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ತೊಗಲುಗೊಂಬೆಯಾಟಕ್ಕಾಗಿ ಪದ್ಮಶ್ರೀ ದೊರೆಯಿತು. ಕಿನ್ನಾಳದ ಚಿತ್ರಗಾರರ ಕಟ್ಟಿಗೆಯ ಗೊಂಬೆಗಳು ದೇಶವಿಖ್ಯಾತವಾಗಿರುವವು. ಇವುಗಳನ್ನು ಶಾಲೆಗೆ ತರಬೇಕು. ರಾಮಾಯಣದ ಪಾಠವನ್ನು ತೊಗಲುಗೊಂಬೆಯ ಪರದೆಯ ಮುಂದೆ ಹೇಳಬಾರದೆಂದು ಯಾವ ನಿಯಮವೂ ಇಲ್ಲ. ಅಲೆಮಾರಿಗಳೆಂದು ಊರ ಹೊರಗೆ ಇಳಿಸುತ್ತಿದ್ದ ಜನರ ಮಗುವು ತನ್ನ ಅಜ್ಜಿಯ ವಿದ್ಯೆಯನ್ನು ಎಲ್ಲರೂ ನೆಲದ ಮೇಲೆ ಕುಳಿತು ನೋಡುವದನ್ನು ಕಂಡರೆ, ಆ ದಿನ ಅದು ಕಲಿಯುವದು ಯಾವ ಪುಸ್ತಕದಲ್ಲಿಯೂ ಇಲ್ಲ. ಆದರೆ ಹಲಿಗೆ ಬಾರಿಸುವದನ್ನು ಊರವರು ಯಾರ ಮೇಲೆ ಬಿಟ್ಟಿಯಾಗಿ ಹೇರಿದ್ದರೋ ಅವರ ಮಗನಿಗೆ, ಗಣರಾಜ್ಯ ದಿನದಂದು ನಿಮ್ಮ ಕಲೆ ನೀನೇ ಬಾರಿಸೆಂದು ಹಲಿಗೆ ಕೊಟ್ಟರೆ ಅದು ಗೌರವವಾಗುವದೇ? ಹಲಿಗೆಯನ್ನು ಎಲ್ಲ ಮಕ್ಕಳೂ ಬಾರಿಸಲಿ, ಇಲ್ಲವೆ ಬೇಡವೆನ್ನುವ ಹಕ್ಕು ಅವನಿಗಿರಲಿ. ಕಲೆಗೂ ಬಿಟ್ಟಿಗೂ, ಆಚಾರಕ್ಕೂ ಶೋಷಣೆಗೂ ಇರುವ ಈ ಭೇದವನ್ನು ಅರಿಯುವ ವಿವೇಕವೇ ಶಿಕ್ಷಕರ ತರಬೇತಿಯ ಕಠಿಣವಾದ ಭಾಗವು. ಸುತ್ತೋಲೆಯಿಂದ ಅದು ಬರಲಾರದು.

ಆಹಾರದ ವಿಷಯದಲ್ಲಿಯೂ ಇದೇ ವಿವೇಕ ಬೇಕು. 2021ರ ಡಿಸೆಂಬರದಲ್ಲಿ ಅಪೌಷ್ಟಿಕತೆ ಹೆಚ್ಚಾಗಿರುವ ನಮ್ಮ ಭಾಗದ ಜಿಲ್ಹೆಗಳ ಶಾಲೆಗಳಲ್ಲಿ ಸರಕಾರವು ಮೊಟ್ಟೆ ಕೊಡತೊಡಗಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಗಂಗಾವತಿಯ ಒಬ್ಬ ವಿದ್ಯಾರ್ಥಿನಿಯು ನಮಗೆ ಮೊಟ್ಟೆ ಬೇಕೆಂದು ನಿರ್ಭಯವಾಗಿ ಹೇಳಿದ ಮಾತು ನಾಡೆಲ್ಲ ಹಬ್ಬಿತು. ತಿನ್ನದವರಿಗೆ ಬಾಳೆಯ ಹಣ್ಣು ಇತ್ತು. ಅದು ಸರಿಯಾದ ಏರ್ಪಾಟು. ಆದರೆ ತಿನ್ನುವ ಮಗುವಿನ ಮುಂದೆ ಮಾಸ್ತರರು ಮೂಗು ಮುರಿದರೆ, ಆ ಮೊಟ್ಟೆಯಿಂದ ಮೈಗೆ ಬಂದ ಬಲವು ಮನಸ್ಸಿನಿಂದ ಹೋಗಿಬಿಡುವದು.

ನಮ್ಮ ಮಾತಿಗೆ ಆಕ್ಷೇಪಗಳು ಬರುವವೆಂದು ಬಲ್ಲೆವು. ಜಾತಿಯ ಮಾತೆತ್ತಿದರೆ ಮಲಗಿದ ಹಾವನ್ನು ಎಬ್ಬಿಸಿದಂತಾಗುವದೆಂದು ಕೆಲವರು ಹೇಳುವರು. ಹಾವು ಮಲಗಿಲ್ಲವೆಂಬದಕ್ಕೆ ಮಿಯಾಪುರ ಮರಕುಂಬಿಗಳೇ ಸಾಕ್ಷಿ. ಮಲಗಿರುವದು ನಮ್ಮ ಲಕ್ಷ್ಯವು. ಮಾಸ್ತರರ ತಲೆಯ ಮೇಲೆ ಜನಗಣತಿ, ಚುನಾವಣೆ, ಬಿಸಿಯೂಟ, ಗಣಕಯಂತ್ರದಲ್ಲಿ ತುಂಬುವ ಹತ್ತೆಂಟು ತಖ್ತೆಗಳ ಭಾರವಿರುವಾಗ ಇದೊಂದನ್ನು ಏಕೆ ಹೇರುವಿರೆಂದು ಇನ್ನು ಕೆಲವರು ಕೇಳುವರು. ಈ ಆಕ್ಷೇಪದಲ್ಲಿ ಸತ್ಯವಿರುವದು; ಸರಕಾರದವರು ಆ ತಖ್ತೆಗಳನ್ನು ಕಡಿಮೆ ಮಾಡಲೇಬೇಕು. ಆದರೆ ನಾವು ಕೇಳುವದು ಹೊಸ ಕೆಲಸವಲ್ಲ. ಇರುವ ಕೆಲಸವನ್ನು ಮಾಡುವ ರೀತಿಯು. ಹೆಸರು ಹಿಡಿದು ಕರೆಯಲು ಹೆಚ್ಚು ವೇಳೆ ಬೇಕಾಗುವದಿಲ್ಲ. ಎಲ್ಲ ತಪ್ಪನ್ನೂ ಮಾಸ್ತರರ ಮೇಲೆಯೇ ಹೊರಿಸುವಿರೆಂದು ಮತ್ತೆ ಕೆಲವರು ಸಿಟ್ಟಾದಾರು. ಹಾಗಲ್ಲ. ಕೇರಿಯಿಂದ ಬಂದ ಶಿಕ್ಷಕರಿಗೆ ಊರೊಳಗೆ ಬಾಡಿಗೆಯ ಮನೆ ಸಿಕ್ಕದ ಗ್ರಾಮಗಳಿರುವದನ್ನು ನಾವು ಬಲ್ಲೆವು. ಭೇದ ಮಾಡದ ಮಾಸ್ತರರನ್ನು ಊರ ಪ್ರಮುಖರು ವರ್ಗ ಮಾಡಿಸಹೋಗುವದನ್ನೂ ಬಲ್ಲೆವು. ಅಂಥ ವೇಳೆಯಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳು ಆ ಮಾಸ್ತರರ ಬೆನ್ನಿಗೆ ನಿಲ್ಲದಿದ್ದರೆ ತರಬೇತಿಯೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಗುವದು. ಈ ಪತ್ರಿಕೆಯನ್ನು ಓದುವ ಅಧಿಕಾರಿ ಮಹಾಶಯರೂ ಪೇಟೆಯ ಹಿರಿಯರೂ ಇದನ್ನು ತಮ್ಮನ್ನೇ ಕುರಿತು ಹೇಳಿದ್ದೆಂದು ತಿಳಿದರೆ ನಮಗೆ ಸಂತೋಷವು.

ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಅಶೋಕನ ಶಾಸನವಿರುವದು. ಶ್ರೇಯಸ್ಸು ದೊಡ್ಡವರಿಗೆ ಮಾತ್ರವೇ ಮೀಸಲಲ್ಲ, ಸಣ್ಣವನೂ ಪ್ರಯತ್ನದಿಂದ ಅದನ್ನು ಪಡೆಯಬಲ್ಲನೆಂಬದು ಅದರ ಸಾರ. ಆ ಬಂಡೆಯ ಬುಡದಲ್ಲಿಯೇ ನಮ್ಮ ಮಕ್ಕಳು ಶಾಲೆಗೆ ಹೋಗಿಬರುವರು. ಸಣ್ಣವನು ಪ್ರಯತ್ನ ಮಾಡಲು ಸಿದ್ಧನೇ ಇರುವನು. ಲೆಕ್ಕ ಬಿಡಿಸಿ, ಪಾಟಿಯನ್ನು ಕೈಯಲ್ಲಿ ಹಿಡಿದು ನಿಂತಿರುವನು. ಅದನ್ನು ಕೈಚಾಚಿ ತೆಗೆದುಕೊಳ್ಳುವದು ಮಾಸ್ತರರಿಗೆ ಮೊದಲ ಪಾಠವಾಗಲಿ. ಉಳಿದ ಪಾಠಗಳು ಆ ಮೇಲೆ ಬರಲಿ.